ತಾನಾಗಿಯೇ ಬರುವ ವರದಿ: ಸೋಮವಾರದ ಇಮೇಲ್‌ನ ಹಿನ್ನೆಲೆ

ಹುಬ್ಬಳ್ಳಿಯ ಐಟಿ ಪಾರ್ಕಿನಲ್ಲಾಗಲಿ, ಗೋಕುಲ ರಸ್ತೆ ಮತ್ತು ವಿದ್ಯಾನಗರದ ಮಹಡಿಗಳ ಮೇಲಿರುವ ಹತ್ತಿಪ್ಪತ್ತು ಜನರ ಸಾಫ್ಟ್‌ವೇರ್ ಕಚೇರಿಗಳಲ್ಲಾಗಲಿ ಈಗ ಒಂದೇ ಬಗೆಯ ಗೊಣಗಾಟ ಕೇಳಿಬರುತ್ತದೆ. ಕೆಲಸದ ಪ್ರಗತಿಯನ್ನು ದಾಖಲಿಸಲೆಂದು ತಂದ ತಂತ್ರಾಂಶದಲ್ಲಿ ಯಾರೋ ಎಂದೋ ಸೇರಿಸಿದ ಕಾಲಮ್‌ಗಳು ತುಂಬಿಕೊಂಡಿವೆ. ಆ ಕಾಲಮ್‌ಗಳನ್ನು ಕೂಡಿಸಿ ಕಳೆದು ತಾನಾಗಿಯೇ ಸಿದ್ಧವಾಗುವ ವರದಿಗಳು ಸೋಮವಾರ ಬೆಳಿಗ್ಗೆ ಇಮೇಲ್‌ಗೆ ಬಂದು ಬೀಳುತ್ತವೆ. ಅಷ್ಟಾದರೂ ಹನ್ನೊಂದು ಗಂಟೆಗೆ ಫೋನ್ ಬರುವುದು ತಪ್ಪಿಲ್ಲ: ‘ಕೆಲಸ ಎಲ್ಲಿಗೆ ಬಂತು?’

ವ್ಯಾಪಾರದ ಊರಾದ ಹುಬ್ಬಳ್ಳಿಗೆ ಲೆಕ್ಕ ಒಪ್ಪಿಸುವುದು ಹೊಸದಲ್ಲ. ದಿನದ ವ್ಯವಹಾರವನ್ನು ಖಿರ್ದಿಯಲ್ಲಿ ಬರೆದು, ಅಲ್ಲಿಂದ ಖಾತೆಗೆ ಏರಿಸಿ, ತಿಂಗಳ ಕೊನೆಗೆ ತಾಳೆ ನೋಡುವ ಪದ್ಧತಿಯನ್ನು ಇಲ್ಲಿನ ದಲಾಲಿ ಅಂಗಡಿಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಆದರೆ ಅಲ್ಲಿ ಖಿರ್ದಿ ಬರೆಯುವ ಗುಮಾಸ್ತನಿಗೂ ಖಾತೆ ನೋಡುವ ಮಾಲೀಕನಿಗೂ ನಡುವೆ ಇರುತ್ತಿದ್ದುದು ಒಂದು ಗಾದಿಯಷ್ಟು ಅಂತರ ಮಾತ್ರ. ಸಾಫ್ಟ್‌ವೇರ್ ಕಚೇರಿಯಲ್ಲಿ ಆ ಅಂತರ ಬೆಂಗಳೂರಿಗೂ, ಕೆಲವೊಮ್ಮೆ ಅಮೆರಿಕಕ್ಕೂ ಹಿಗ್ಗಿದೆ.

ಯೋಜನೆಯ ಲೆಕ್ಕ ಇಡುವ ಸಾಧನಗಳ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಬಹುದು. ಯಾವ ಕೆಲಸ ಎಂದು ಆರಂಭವಾಗಿ ಎಂದು ಮುಗಿಯಬೇಕೆಂದು ಅಡ್ಡಪಟ್ಟಿಗಳಲ್ಲಿ ತೋರಿಸುವ, ಹೆನ್ರಿ ಗ್ಯಾಂಟ್ ಹೆಸರಿನ ನಕ್ಷೆ 1910ರ ದಶಕದಲ್ಲಿ ಪ್ರಚಾರಕ್ಕೆ ಬಂತು. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ, ಯಾವ ಕೆಲಸ ಯಾವುದರ ನಂತರ, ಎಷ್ಟು ಕಾಲದಲ್ಲಿ ಎಂದು ಲೆಕ್ಕ ಹಾಕುವ ಪರ್ಟ್ ಪದ್ಧತಿಯನ್ನು ರೂಪಿಸಿತು. 1984ರಲ್ಲಿ ಹಳೆಯ ಡಾಸ್ ಕಾರ್ಯವ್ಯವಸ್ಥೆಯ ಮೇಲೆ ನಡೆಯುವ, ಇದೇ ಲೆಕ್ಕದ ತಂತ್ರಾಂಶವಾದ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಬಂತು. ಇವೆಲ್ಲವನ್ನೂ ತುಂಬುವವನು ಒಬ್ಬನೇ ಯೋಜನಾಧಿಕಾರಿ. ಕೆಲಸ ಮಾಡುವವರು ಅವನಿಗೆ ಬಾಯಲ್ಲಿ ಹೇಳಿದರೆ ಸಾಕಾಗುತ್ತಿತ್ತು. 2001ರ ಫೆಬ್ರವರಿಯಲ್ಲಿ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ್ದ 17 ಮಂದಿ, ತಂತ್ರಾಂಶವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕಟ್ಟುವ ಅಜೈಲ್ ವಿಧಾನದ ಪ್ರಣಾಳಿಕೆಯನ್ನು ಬರೆದು, ಸಮಗ್ರ ದಾಖಲೆಗಿಂತ ನಡೆಯುವ ತಂತ್ರಾಂಶಕ್ಕೆ ಹೆಚ್ಚು ಬೆಲೆ ಎಂದು ಸಾರಿದರು. ಆ ವಿಚಾರದ ಹೆಸರು ಹೇಳಿಕೊಂಡು ಬೆಳೆದ ಸಾಧನಗಳೇ ಮುಂದೆ ಪ್ರತಿಯೊಬ್ಬ ಕೆಲಸಗಾರನನ್ನೂ ಗುಮಾಸ್ತನನ್ನಾಗಿ ಮಾಡಿದವು ಎಂಬುದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದು. 2002ರಲ್ಲಿ, ಯಾವ ಕೆಲಸ ಯಾರ ಕೈಯಲ್ಲಿ ಯಾವ ಹಂತದಲ್ಲಿದೆ ಎಂದು ದಾಖಲಿಸುವ ಜಿರಾ ಬಂತು. (ಹೆಸರಿಗೂ ಜೀರಿಗೆಗೂ ನಂಟಿಲ್ಲ. ಅದರ ತಯಾರಕರು ಮೊದಲು ಬಳಸುತ್ತಿದ್ದುದು ತಂತ್ರಾಂಶದ ದೋಷಗಳ ಪಟ್ಟಿ ಇಡುವ ಬಗ್‌ಜಿಲ್ಲಾ. ಅದರಿಂದ ಸಿನಿಮಾದ ದೈತ್ಯ ಗಾಡ್ಜಿಲಾ ನೆನಪಾಗಿ, ಅದರ ಜಪಾನಿ ಹೆಸರಾದ ಗೊಜಿರಾದ ಮೊದಲಕ್ಷರ ಕತ್ತರಿಸಿ ಇಟ್ಟ ಹೆಸರದು.) ಇದೇ ಬಗೆಯ ಸಾಧನಗಳಾಗಿ 2006ರಲ್ಲಿ ಉಚಿತವಾದ ರೆಡ್‌ಮೈನ್, 2011ರಲ್ಲಿ ಟ್ರೆಲ್ಲೊ ಬಂದವು.

ನಾನು ಹತ್ತಿರದಿಂದ ಬಲ್ಲ ಅವಧಿ 2012ರಿಂದ 2020ರವರೆಗಿನದು. ಆಗ ಇಲ್ಲಿನ ಹಲವು ಸಣ್ಣ ಕಚೇರಿಗಳು ಇಂಥ ತಂತ್ರಾಂಶವನ್ನು ತಮ್ಮದೇ ಸರ್ವರ್‌ನಲ್ಲಿ, ಎಂದರೆ ಯುಪಿಎಸ್ ಬ್ಯಾಟರಿಗಳ ಪಕ್ಕದಲ್ಲಿಟ್ಟ ಒಂದು ಡಬ್ಬಿಯಲ್ಲಿ ನಡೆಸುತ್ತಿದ್ದವು. ಡಬ್ಬಿ ಕಣ್ಣೆದುರೇ ಇದ್ದುದರಿಂದ ಅದನ್ನು ತಿದ್ದುವ ಧೈರ್ಯವೂ ಎಲ್ಲರಿಗಿತ್ತು. ಡೇಟಾಬೇಸಿಗೆ ನೇರವಾಗಿ ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಭಾಷೆಯಲ್ಲಿ ಪ್ರಶ್ನೆ ಹಾಕಿ, ಬಂದ ಉತ್ತರವನ್ನು ಎಕ್ಸೆಲ್ ಹಾಳೆಗೆ ಇಳಿಸಿ, ಹೊತ್ತಿಗೆ ಸರಿಯಾಗಿ ಇಮೇಲ್ ಕಳಿಸುವ ಸಣ್ಣ ಪ್ರೋಗ್ರಾಮನ್ನು, ಎಂದರೆ ಸ್ಕ್ರಿಪ್ಟನ್ನು, ಹೊಸದಾಗಿ ಸೇರಿದ ಹುಡುಗನೊಬ್ಬ ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸುತ್ತಿದ್ದ. ಅವನು ಬೆಂಗಳೂರಿಗೆ ಹೋದ ಮೇಲೂ ಆ ಸ್ಕ್ರಿಪ್ಟ್ ವರ್ಷಗಟ್ಟಲೆ ಓಡುತ್ತಿತ್ತು, ಅದನ್ನು ಮುಟ್ಟಲು ಮಾತ್ರ ಯಾರೂ ಒಪ್ಪುತ್ತಿರಲಿಲ್ಲ.

ನಾನಿದ್ದ ಕಚೇರಿಯಲ್ಲಿ ಒಂದು ಕೆಲಸಕ್ಕೆ ಮೊದಲು ಇದ್ದದ್ದು ಮೂರೇ ಸ್ಥಿತಿ: ಮಾಡಬೇಕಾದದ್ದು, ನಡೆಯುತ್ತಿರುವುದು, ಮುಗಿದದ್ದು. ನಮ್ಮ ಕಡೆಯ ಮಾತಿನಲ್ಲಿ ಇವುಗಳಿಗಿಂತ ಹೆಚ್ಚು ಚಾಲ್ತಿಯಲ್ಲಿರುವುದು ‘ಮುಗಿಯಾಕ ಬಂದೈತ್ರಿ’ ಎಂಬ ನಾಲ್ಕನೆಯ ಸ್ಥಿತಿ. ಅದು ಅರ್ಧ ಆದ ಕೆಲಸಕ್ಕೂ, ಪರೀಕ್ಷೆಯಷ್ಟೇ ಬಾಕಿ ಇರುವ ಕೆಲಸಕ್ಕೂ, ಇನ್ನೂ ಕೈ ಹಚ್ಚದ ಕೆಲಸಕ್ಕೂ ಸಲ್ಲುತ್ತದೆ. ಯಾವುದೆಂಬುದು ಹೇಳುವವನ ದನಿಯಿಂದಲೇ ಕೇಳುವವನಿಗೆ ಗೊತ್ತಾಗುತ್ತದೆ. ದನಿ ಕೇಳದಷ್ಟು ದೂರದಲ್ಲಿದ್ದವರಿಗೆ ಈ ವ್ಯತ್ಯಾಸ ಬೇಕಾಯಿತು. ಹಾಗಾಗಿ ಸ್ಥಿತಿಗಳು ಒಂದೊಂದಾಗಿ ಸೇರುತ್ತ ಎರಡು ವರ್ಷದಲ್ಲಿ ಹನ್ನೊಂದಾದವು. ಪ್ರತಿಯೊಂದು ಸೇರ್ಪಡೆಗೂ ಅಂದಿಗೆ ಸರಿಯಾದ ಕಾರಣವಿತ್ತು. ಗ್ರಾಹಕರು ಒಂದು ಕೇಳಿದರು, ಪರೀಕ್ಷಾ ವಿಭಾಗದವರು ಇನ್ನೊಂದು ಕೇಳಿದರು. ಸೇರಿಸುವಾಗ ಸಭೆ ನಡೆಯುತ್ತಿತ್ತು, ತೆಗೆಯುವುದಕ್ಕೆಂದು ಸಭೆ ಕರೆದದ್ದು ನನಗೆ ನೆನಪಿಲ್ಲ. ಹೊಸ ಕೆಲಸವನ್ನು ನಮೂದಿಸುವ ಅರ್ಜಿಯಲ್ಲಿ ಆರು ಪೆಟ್ಟಿಗೆಗಳು ಕಡ್ಡಾಯವಾದಾಗ, ಅವಸರದಲ್ಲಿದ್ದವರು ಪ್ರತಿಯೊಂದರಲ್ಲೂ ಒಂದು ಚುಕ್ಕೆ ಇಟ್ಟು ಮುಂದೆ ಹೋಗುವುದನ್ನು ಕಲಿತರು. ಸ್ಕ್ರಿಪ್ಟ್ ತನ್ನ ಪಾಡಿಗೆ ಆ ಚುಕ್ಕೆಗಳನ್ನು ‘ವಿಳಂಬದ ಕಾರಣ’ ಎಂಬ ತಲೆಬರಹದ ಕೆಳಗೆ ಸಾಲಾಗಿ ಜೋಡಿಸಿ ಕಳಿಸುತ್ತಿತ್ತು.

ವರದಿಯನ್ನು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಳಿಸುವಂತೆ ಹೊಂದಿಸಲಾಗಿತ್ತು, ಸಭೆ ಹತ್ತಕ್ಕೆ. ಸರ್ವರ್‌ನ ಗಡಿಯಾರ ಇದ್ದದ್ದು ಯುಟಿಸಿಯಲ್ಲಿ, ಎಂದರೆ ಭಾರತಕ್ಕಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಸಮಯದಲ್ಲಿ. ಅದರ ಒಂಬತ್ತು ಗಂಟೆ ನಮಗೆ ಮಧ್ಯಾಹ್ನ ಎರಡೂವರೆ. ಮೂರು ವಾರಗಳ ಕಾಲ ಸಭೆಯಲ್ಲಿ ಹಿಂದಿನ ವಾರದ ವರದಿಯನ್ನೇ ತೆರೆದಿಟ್ಟುಕೊಂಡು ಗಂಭೀರವಾಗಿ ಚರ್ಚಿಸಲಾಯಿತು. ಸಂಖ್ಯೆಗಳು ಹಳೆಯವೆಂದು ಯಾರಿಗೂ ಅನುಮಾನ ಬರಲಿಲ್ಲ.

ಇನ್ನೊಂದು ಎಡವಟ್ಟು ಇದಕ್ಕಿಂತ ದೊಡ್ಡದು. ಜಿರಾದಲ್ಲಿ ಕೆಲಸದ ‘ಸ್ಥಿತಿ’ ಬೇರೆ, ಅದು ಇತ್ಯರ್ಥವಾಯಿತೇ ಎಂದು ಹೇಳುವ ‘ರೆಸಲ್ಯೂಶನ್’ ಬೇರೆ. ನಾವು ‘ಗ್ರಾಹಕರು ಒಪ್ಪಿದ್ದಾರೆ’ ಎಂಬ ಕೊನೆಯ ಸ್ಥಿತಿಯನ್ನು ಹೊಸದಾಗಿ ಸೇರಿಸಿದೆವು, ಆದರೆ ಕೆಲಸ ಅಲ್ಲಿಗೆ ತಲುಪಿದಾಗ ರೆಸಲ್ಯೂಶನ್ ಕೂಡ ತುಂಬುವಂತೆ ಹೇಳಲು ಮರೆತೆವು. ಪರಿಣಾಮವಾಗಿ ಗ್ರಾಹಕರು ಒಪ್ಪಿ ಹಣ ಕೊಟ್ಟ ಕೆಲಸಗಳೂ ಬಾಕಿಯ ಪಟ್ಟಿಯಲ್ಲೇ ಉಳಿದು, ವಾರ ವಾರವೂ ಬಾಕಿಯ ಗೆರೆ ಮೇಲೇರುತ್ತ ಹೋಯಿತು. ತಂಡವನ್ನು ಶನಿವಾರವೂ ಕರೆಸಲಾಯಿತು. ತಪ್ಪು ಹುಡುಕಲು ಒಂದು ತಿಂಗಳು ಹಿಡಿಯಿತು, ತಿದ್ದಲು ಹತ್ತು ನಿಮಿಷ.

2020ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಒದಗಿದವು. ಲಾಕ್‌ಡೌನ್‌ನಿಂದಾಗಿ ಎಲ್ಲರೂ ಮನೆ ಹಿಡಿದರು. ಹುಡುಗರಲ್ಲಿ ಕೆಲವರು ಗದಗ, ಹಾವೇರಿಯ ತಮ್ಮ ಊರುಗಳಿಗೆ ಮರಳಿ ಅಲ್ಲಿಂದಲೇ ಕೆಲಸ ಮಾಡಿದರು. ಎದ್ದು ಹೋಗಿ ಮೇಜಿನ ಪಕ್ಕ ನಿಂತು ಕೇಳುವ ದಾರಿ ಮುಚ್ಚಿದ್ದರಿಂದ ವಾರದ ವರದಿ ದಿನದ ವರದಿಯಾಯಿತು. ಅದೇ ಅಕ್ಟೋಬರ್‌ನಲ್ಲಿ ಜಿರಾ ತಯಾರಕರಾದ ಅಟ್ಲಾಸಿಯನ್ ಸಂಸ್ಥೆ, ನಮ್ಮದೇ ಡಬ್ಬಿಯಲ್ಲಿ ನಡೆಯುವ ಸರ್ವರ್ ಆವೃತ್ತಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಅದರ ಬೆಂಬಲ 2024ರ ಫೆಬ್ರವರಿ 15ಕ್ಕೆ ಮುಗಿಯಿತು. ಕ್ಲೌಡ್‌ಗೆ, ಎಂದರೆ ತಯಾರಕರೇ ಅಂತರ್ಜಾಲದಲ್ಲಿ ನಡೆಸುವ ಆವೃತ್ತಿಗೆ ಹೋದವರಿಗೆ ಡೇಟಾಬೇಸಿನ ಬಾಗಿಲು ಮುಚ್ಚಿತು, ಹಳೆಯ ಸ್ಕ್ರಿಪ್ಟ್‌ಗಳು ಕೆಲಸಕ್ಕೆ ಬಾರದಾದವು. ಅವುಗಳ ಜಾಗಕ್ಕೆ ‘ಹೀಗಾದರೆ ಹೀಗೆ ಮಾಡು’ ಎಂದು ಪಟ್ಟಿಯಿಂದ ಆರಿಸಿ ಕೂಡಿಸುವ ನಿಯಮಗಳು ಬಂದವು. ಕೋಡ್ ಬರೆಯಲು ಬಾರದವರೂ ನಿಯಮ ಮಾಡಬಹುದಾದ್ದರಿಂದ ಎಲ್ಲರೂ ಮಾಡಿದರು. ಒಂದು ನಿಯಮದ ಫಲ ಇನ್ನೊಂದನ್ನು ಎಬ್ಬಿಸಿ, ಕಚೇರಿಯ ಸಂದೇಶ ತಂತ್ರಾಂಶಗಳಾದ ಸ್ಲ್ಯಾಕ್‌ಗೂ ಟೀಮ್ಸ್‌ಗೂ ಸೂಚನೆಗಳ ಸುರಿಮಳೆಯಾಯಿತು. ಜನ ಅವುಗಳ ಸದ್ದಡಗಿಸಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತಾಡತೊಡಗಿದರು. 2023ರಲ್ಲಿ ನಿಯಮಗಳು ತಿಂಗಳಿಗೆ ಎಷ್ಟು ಸಲ ಓಡಬಹುದೆಂಬುದಕ್ಕೆ ಹೊಸ ಮಿತಿ ಬಂದು, ಸ್ಟ್ಯಾಂಡರ್ಡ್ ದರ್ಜೆಯ ಜಿರಾಕ್ಕೆ ಅದು 1,700 ಎಂದಾದಾಗ, ತಮ್ಮಲ್ಲಿ ಎಷ್ಟು ನಿಯಮಗಳಿವೆ ಎಂದು ಎಣಿಸುವ ಕೆಲಸಕ್ಕೆ ಕೆಲವರು ಮೊದಲ ಬಾರಿಗೆ ಕುಳಿತರು.

ಈಗ ವರದಿಯನ್ನು ಕೃತಕ ಬುದ್ಧಿಮತ್ತೆಯೇ ಓದಿ ನಾಲ್ಕು ಸಾಲಿನಲ್ಲಿ ಸಾರಾಂಶ ಕೊಡುತ್ತದೆ. ಚುಕ್ಕೆಗಳ ಸಾರಾಂಶವನ್ನು ಅದು ಹೇಗೆ ಬರೆಯುತ್ತದೆಂಬ ಕುತೂಹಲ ನನಗಿದೆ.

ನಮ್ಮ ಕಚೇರಿಯ ಸೋಮವಾರದ ವರದಿಯನ್ನು ಕ್ಲೌಡ್‌ನಲ್ಲಿ ಹೊಸದಾಗಿ ಹೊಂದಿಸಿದ ಸಹೋದ್ಯೋಗಿ ಕೆಲಸ ಬಿಟ್ಟ ದಿನ ನಿಯಮದಂತೆ ಅವರ ಖಾತೆಯನ್ನು ಮುಚ್ಚಲಾಯಿತು. ವರದಿ ಕಳಿಸುವ ಏರ್ಪಾಡು ಅವರ ಹೆಸರಿನಲ್ಲಿದ್ದುದರಿಂದ ಅದೂ ಅಂದೇ ನಿಂತಿತು. ಹದಿನಾಲ್ಕು ಮಂದಿಗೆ ಹೋಗುತ್ತಿದ್ದ ಇಮೇಲ್ ಅದು. ಮೊದಲ ವಾರ ಯಾರೂ ಕೇಳಲಿಲ್ಲ. ಎರಡನೆಯ, ಮೂರನೆಯ ವಾರವೂ ಕೇಳಲಿಲ್ಲ. ನಾಲ್ಕನೆಯ ಸೋಮವಾರ ಅಕೌಂಟ್ಸ್ ವಿಭಾಗದ ಅಕ್ಕ ಮೇಲೆ ಬಂದು, ‘ಆ ಹಾಳಿ ಯಾಕ ಬರವಲ್ದು? ಅದರಾಗ ತಾಸಿನ ಲೆಕ್ಕ ಒಂದ ಕಾಲಮ್ ಇರ್ತಿತ್ತಲ್ರಿ, ಅದನ್ನ ನೋಡೇ ನಾ ಬಿಲ್ ಮಾಡತಿದ್ದೆ’ ಎಂದರು. ಹೊಸದಾಗಿ ಹೊಂದಿಸುವಾಗ ಆ ಒಂದು ಕಾಲಮ್ ಮಾತ್ರ ಇಟ್ಟು ಅವರೊಬ್ಬರಿಗೇ ಕಳಿಸಿದೆವು. ಉಳಿದ ಹದಿಮೂರು ಮಂದಿ ಇಂದಿನವರೆಗೆ ಕೇಳಿಲ್ಲ.