ಅಳಿಸಿ ಬರೆಯಬಹುದಾದ ಗೇಮ್ ಕ್ಯಾಸೆಟ್ಟುಗಳು: ನಿಂಟೆಂಡೊದ ಎರಡು ಪ್ರಯೋಗಗಳು

ವಿಡಿಯೋ ಗೇಮ್ ಕ್ಯಾಸೆಟ್ಟಿನೊಳಗೆ ಸಾಮಾನ್ಯವಾಗಿ ಇರುತ್ತಿದ್ದುದು ಮಾಸ್ಕ್ ರೋಮ್ ಎಂಬ ಚಿಪ್. ಚಿಪ್ ತಯಾರಾಗುವ ಹಂತದಲ್ಲಿಯೇ ಆಟದ ಪ್ರೋಗ್ರಾಂ ಅದರಲ್ಲಿ ಅಚ್ಚಾಗಿಬಿಡುವುದರಿಂದ ಆಮೇಲೆ ಅದನ್ನು ಅಳಿಸುವುದಾಗಲಿ ತಿದ್ದುವುದಾಗಲಿ ಸಾಧ್ಯವಿಲ್ಲ. ಹೀಗಾಗಿ ಎಷ್ಟು ಪ್ರತಿ ಮಾರಾಟವಾದೀತು ಎಂದು ಪ್ರಕಾಶಕರು ಮೊದಲೇ ಅಂದಾಜು ಮಾಡಿ ಚಿಪ್‌ಗಳನ್ನು ತರಿಸಬೇಕಿತ್ತು. ಅಂದಾಜು ಹೆಚ್ಚಾದರೆ ಮಾಲು ಅಂಗಡಿಯಲ್ಲೇ ಉಳಿಯುತ್ತಿತ್ತು, ಕಡಿಮೆಯಾದರೆ ಹೊಸ ಚಿಪ್ ಬರುವಷ್ಟರಲ್ಲಿ ಗಿರಾಕಿಯ ಆಸಕ್ತಿ ಆರಿಹೋಗುತ್ತಿತ್ತು. ಅಂಗಡಿಯಲ್ಲೇ ಆಟ ಬರೆದುಕೊಡುವ ಸೇವೆಗಳನ್ನು ಆಟಗಾರನ ಉಳಿತಾಯದ ದೃಷ್ಟಿಯಿಂದ ಮಾತ್ರ ನೋಡಿದರೆ ಅರ್ಧ ವಿಷಯ ಕೈತಪ್ಪುತ್ತದೆ; ಅವು ದಾಸ್ತಾನಿನ ಈ ಕಷ್ಟಕ್ಕೂ ಹುಡುಕಿದ ಪರಿಹಾರವಾಗಿದ್ದವು.

ಅಮೆರಿಕದಲ್ಲಿ ರೋಮಾಕ್ಸ್ ಕಂಪನಿಯು 1980ರ ದಶಕದ ಆರಂಭದಲ್ಲೇ ಹೋಮ್ ಕಂಪ್ಯೂಟರುಗಳ ಕ್ಯಾಸೆಟ್ಟಿಗೆ ಅಂಗಡಿಯಲ್ಲಿ ಆಟ ಬರೆಯುವ ಯಂತ್ರವನ್ನು ತಂದಿತ್ತು. ಆದರೆ ಇದು ದೊಡ್ಡ ಪ್ರಮಾಣದಲ್ಲಿ ನಡೆದದ್ದು ಜಪಾನಿನಲ್ಲಿ.

ಅಲ್ಲಿ ನಿಂಟೆಂಡೊ ಮೊದಲು ಹಿಡಿದದ್ದು ಕಾಂತೀಯ ಡಿಸ್ಕಿನ ದಾರಿಯನ್ನು. 1986ರ ಫೆಬ್ರುವರಿ 21ರಂದು ಬಿಡುಗಡೆಯಾದ, ನಿಂಟೆಂಡೊದ ಗೇಮ್ ಯಂತ್ರ ಫ್ಯಾಮಿಕಾಮ್‌ಗೆ ಜೋಡಿಸುವ ಡಿಸ್ಕ್ ಸಾಧನವಾದ ಫ್ಯಾಮಿಕಾಮ್ ಡಿಸ್ಕ್ ಸಿಸ್ಟಮ್‌ಗೆ ಜೊತೆಯಾಗಿ ಆಟಿಕೆ ಅಂಗಡಿಗಳಲ್ಲಿ ಡಿಸ್ಕ್ ರೈಟರ್ ಯಂತ್ರಗಳು ಬಂದವು. ಹಳೆಯ ಆಟದ ಡಿಸ್ಕನ್ನು ಕೊಟ್ಟು 500 ಯೆನ್ ತೆತ್ತರೆ ಅದರ ಮೇಲೆಯೇ ಬೇರೊಂದು ಆಟ ಬರೆಸಿಕೊಳ್ಳಬಹುದಿತ್ತು. ಡಿಸ್ಕಿನ ಎರಡೂ ಬದಿ ಸೇರಿ ಸುಮಾರು 112 ಕಿಲೋಬೈಟ್ ಹಿಡಿಯುತ್ತಿತ್ತು. ಸೂಪರ್ ಮಾರಿಯೋ ಬ್ರದರ್ಸ್ ಆಟದ ಕ್ಯಾಸೆಟ್ಟು ಕೇವಲ 40 ಕಿಲೋಬೈಟಿನದು ಎಂಬುದನ್ನು ನೆನೆದರೆ ಈ ಜಾಗ ಆಗ ಎಷ್ಟು ವಿಶಾಲವಾಗಿ ಕಂಡಿರಬೇಕೆಂದು ತಿಳಿಯುತ್ತದೆ. ಆದರೆ ಡಿಸ್ಕಿನಿಂದ ಆಟ ನೇರವಾಗಿ ನಡೆಯದು. ಅದರ ಭಾಗಗಳು ಮೊದಲು ಫ್ಯಾಮಿಕಾಮ್‌ಗೆ ಸಿಕ್ಕಿಸುವ ಅಡಾಪ್ಟರಿನಲ್ಲಿದ್ದ 32 ಕಿಲೋಬೈಟ್ ರ‍್ಯಾಮಿಗೆ ಬರಬೇಕು, ಆದ್ದರಿಂದ ಆಟದ ನಡುವೆ ಕಾಯುವುದೂ ಡಿಸ್ಕ್ ಮಗುಚುವುದೂ ತಪ್ಪುತ್ತಿರಲಿಲ್ಲ. ಅಷ್ಟರಲ್ಲಿ ಚಿಪ್ ತಂತ್ರಜ್ಞಾನವೂ ಸುಮ್ಮನೆ ಕೂತಿರಲಿಲ್ಲ: ಅದೇ ವರ್ಷದ ಜೂನ್‌ನಲ್ಲಿ ಕ್ಯಾಪ್‌ಕಾಮ್‌ನ ಮಕಾಯ್‌ಮುರ ಆಟ 128 ಕಿಲೋಬೈಟಿನ ಕ್ಯಾಸೆಟ್ಟಾಗಿ ಬಂದು, ಡಿಸ್ಕಿನ ಹಿರಿಮೆಯನ್ನು ನಾಲ್ಕೇ ತಿಂಗಳಲ್ಲಿ ಹಿಂದಿಕ್ಕಿತು.

ಎರಡನೆಯ ಪ್ರಯೋಗ ನಿಂಟೆಂಡೊ ಪವರ್. ಕಲಿಯುವವರಿಗೆ ಇದೇ ಹೆಚ್ಚು ರಸವತ್ತಾದುದೆಂದು ನನ್ನ ಭಾವನೆ. 1997ರ ಸೆಪ್ಟೆಂಬರಿನಲ್ಲಿ ಲಾಸನ್ ಎಂಬ ದಿನಬಳಕೆಯ ಅಂಗಡಿ ಸರಣಿಯ ಮಳಿಗೆಗಳಲ್ಲಿ, ಫ್ಯಾಮಿಕಾಮ್‌ನ ಮುಂದಿನ ಯಂತ್ರವಾದ ಸೂಪರ್ ಫ್ಯಾಮಿಕಾಮ್‌ಗಾಗಿ ಆರಂಭವಾದ ಈ ಸೇವೆಯಲ್ಲಿ ಡಿಸ್ಕಿನ ಬದಲು ಫ್ಲ್ಯಾಶ್ ಮೆಮೊರಿಯಿದ್ದ ಕ್ಯಾಸೆಟ್ಟನ್ನು ಬಳಸಲಾಯಿತು. ಫ್ಲ್ಯಾಶ್ ಚಿಪ್ಪಿನ ಪ್ರತಿಯೊಂದು ಕೋಶವೂ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ವಿದ್ಯುತ್ ಹೋದರೂ ಬರಹ ಉಳಿಯುತ್ತದೆ, ಬೇಕೆಂದಾಗ ಅಳಿಸಲೂ ಬರುತ್ತದೆ, ಮತ್ತು ಯಂತ್ರವು ಅದನ್ನು ಮಾಮೂಲಿ ರೋಮಿನಂತೆಯೇ ಓದುತ್ತದೆ. ಕಾಯುವ ಪ್ರಶ್ನೆಯೇ ಇಲ್ಲ. ಕ್ಯಾಸೆಟ್ಟಿನ ಒಟ್ಟು ಸಾಮರ್ಥ್ಯ 32 ಮೆಗಾಬಿಟ್, ಎಂದರೆ 4 ಮೆಗಾಬೈಟ್. ಇದನ್ನು ತಲಾ 4 ಮೆಗಾಬಿಟ್‌ನ 8 ಬ್ಲಾಕುಗಳಾಗಿ ವಿಂಗಡಿಸಿದ್ದರು. ಒಂದಕ್ಕಿಂತ ಹೆಚ್ಚು ಆಟ ಹಾಕಿಸಿದರೆ ಆಯ್ಕೆಯ ಮೆನುವಿಗೇ ಒಂದು ಬ್ಲಾಕ್ ಹೋಗುತ್ತಿತ್ತು, ಆದ್ದರಿಂದ ಹೆಚ್ಚೆಂದರೆ 7 ಸಣ್ಣ ಆಟಗಳು ಹಿಡಿಯುತ್ತಿದ್ದವು. 32 ಮೆಗಾಬಿಟ್‌ನ ದೊಡ್ಡ ಆಟವಾದರೆ ಮೆನುವಿಲ್ಲದೆ ಇಡೀ ಕ್ಯಾಸೆಟ್ಟನ್ನೇ ಆವರಿಸುತ್ತಿತ್ತು. ಆಟದ ಪ್ರಗತಿಯನ್ನು ಉಳಿಸುವ 256 ಕಿಲೋಬಿಟ್ ರ‍್ಯಾಮನ್ನೂ ಪ್ರತ್ಯೇಕವಾಗಿ 16 ಪಾಲು ಮಾಡಿದ್ದರು. ಹೀಗಾಗಿ ಹೊಸ ಆಟ ಹಾಕಿಸುವಾಗ ಬ್ಲಾಕ್ ಖಾಲಿಯಿದ್ದರಷ್ಟೇ ಸಾಲದು, ಅದು ಕೇಳುವಷ್ಟು ಸೇವ್ ಜಾಗವೂ ಉಳಿದಿರಬೇಕಿತ್ತು.

ತಂತ್ರ ಇಷ್ಟು ಅಚ್ಚುಕಟ್ಟಾಗಿದ್ದರೂ ಕಾಲ ಕೂಡಿಬರಲಿಲ್ಲ. ಸೇವೆ ತೆರೆಯುವ ಹೊತ್ತಿಗೆ ಸೋನಿಯ ಹೊಸ ಯಂತ್ರ ಪ್ಲೇಸ್ಟೇಷನ್ ಬಂದು ಸುಮಾರು ಮೂರು ವರ್ಷವಾಗಿತ್ತು, ನಿಂಟೆಂಡೊದ್ದೇ ಹೊಸ ಯಂತ್ರ ನಿಂಟೆಂಡೊ 64 ಕೂಡ ಮಾರುಕಟ್ಟೆಯಲ್ಲಿತ್ತು. ಕೈಯಲ್ಲಿ ಹಿಡಿದು ಆಡುವ ಯಂತ್ರ ಗೇಮ್ ಬಾಯ್‌ಗೆ ಇದೇ ಸೌಲಭ್ಯ ಸಿಕ್ಕಿದ್ದು 2000ದಲ್ಲಿ. 1999ರ ತೈವಾನ್ ಭೂಕಂಪದಿಂದ ಉತ್ಪಾದನೆಗೆ ಅಡ್ಡಿಯಾಗಿ ಅದರ ಆರಂಭವೇ ಮುಂದೆ ಹೋಗಿತ್ತು. ಆದರೂ ಹಳೆಯ ಯಂತ್ರದ ಆಯುಷ್ಯವನ್ನು ಇದು ನಿಜವಾಗಿಯೂ ಹೆಚ್ಚಿಸಿತು: ಫೈರ್ ಎಂಬ್ಲೆಮ್ ಸರಣಿಯ ಥ್ರೇಷಿಯಾ 776 ಮೊದಲು ಹೊರಬಂದದ್ದು 1999ರಲ್ಲಿ ಈ ಸೇವೆಯ ಮೂಲಕವೇ.

ಲಾಸನ್‌ನಲ್ಲಿ ಬರೆಯುವ ಕೆಲಸ 2002ರಲ್ಲಿ ನಿಂತಿತು. ಅನಂತರವೂ ನಿಂಟೆಂಡೊ ಅಂಚೆಯಲ್ಲಿ ಕ್ಯಾಸೆಟ್ಟು ತರಿಸಿಕೊಂಡು 2007ರ ಫೆಬ್ರುವರಿವರೆಗೆ ಬರೆದುಕೊಟ್ಟಿತು. ಡಿಸ್ಕುಗಳಿಗೆ ಇಂಥದೇ ಸೇವೆ 2003ರವರೆಗೆ ನಡೆದಿತ್ತು. ಸಂರಕ್ಷಣೆಯ ದೃಷ್ಟಿಯಿಂದ ನೋಡಿದರೆ, ಹೊಸ ಆಟ ಬರೆಸಿದಾಗಲೆಲ್ಲ ಹಳೆಯದೊಂದು ಪ್ರತಿ ಅಳಿಸಿಹೋಗಿದೆ. ಆದ್ದರಿಂದ ಈ ಸೇವೆಗಳಲ್ಲಿ ಮಾತ್ರ ದೊರೆತ ಆಟಗಳ ಮೂಲ ಪ್ರತಿಗಳನ್ನು ಹುಡುಕುವವರು, ಕೊನೆಯ ಬಾರಿ ಯಾರು ಏನು ಬರೆಸಿಕೊಂಡಿದ್ದರೋ ಅದನ್ನೇ ಅವಲಂಬಿಸಬೇಕಾಗಿದೆ.