ಅರ್ಧ ಗುಂಟೆ ಹಿತ್ತಲಿನಲ್ಲಿ ಮನೆಯ ಊಟ ಎಷ್ಟು ಬೆಳೆದೀತು?

ಪ್ರಶ್ನೆ: ಹುಬ್ಬಳ್ಳಿಯ ಹೊಸ ಬಡಾವಣೆಯೊಂದರಲ್ಲಿ ನಮ್ಮ ಮನೆಯಿದ್ದು, ಹಿಂದೆ ಅರ್ಧ ಗುಂಟೆಯಷ್ಟು ಜಾಗ ಖಾಲಿ ಬಿದ್ದಿದೆ. ನಾಲ್ವರ ಕುಟುಂಬಕ್ಕೆ ಬೇಕಾದ ಆಹಾರವನ್ನೆಲ್ಲ ಅಲ್ಲಿಯೇ ಬೆಳೆದುಕೊಳ್ಳಬಹುದೇ?

ಉತ್ತರ: ಎಲ್ಲವನ್ನೂ ಬೆಳೆಯಲಾಗದು, ಆದರೆ ನೀರಿನ ವ್ಯವಸ್ಥೆಯಿದ್ದರೆ ವರ್ಷದ ಬಹುಪಾಲು ತಪ್ಪಲುಪಲ್ಯವನ್ನು ಕೊಳ್ಳದೆ ಇರಬಹುದು. ರೊಟ್ಟಿ ಉಣ್ಣುವ ಮನೆಯಲ್ಲಿ ತಲೆಗೆ ದಿನಕ್ಕೆ ಕಾಲು ಕಿಲೋ ಜೋಳವೆಂದು ಹಿಡಿದರೆ ನಾಲ್ವರಿಗೆ ವರ್ಷಕ್ಕೆ 365 ಕಿಲೋ ಬೇಕಾಗುತ್ತದೆ. ಮಳೆಯನ್ನೇ ನಂಬಿದ ಹಿಂಗಾರಿ ಜೋಳ ಎಕರೆಗೆ 5 ಕ್ವಿಂಟಲ್ ಬಂದರೂ ಅಷ್ಟಕ್ಕೆ ಸುಮಾರು 29 ಗುಂಟೆ ಹೊಲ ಬೇಕು. ಹೀಗಾಗಿ ಜೋಳ, ಬೇಳೆ, ಎಣ್ಣೆಗಳ ಆಸೆಯನ್ನು ಮೊದಲೇ ಬಿಡುವುದು ಒಳ್ಳೆಯದು.

ತಪ್ಪಲುಪಲ್ಯದ ಲೆಕ್ಕವೇ ಬೇರೆ. ತಲಾ 100 ಗ್ರಾಂನಂತೆ ನಾಲ್ವರಿಗೆ ತಿಂಗಳಿಗೆ 12 ಕಿಲೋ ಸಾಕು. ಚದರ ಮೀಟರಿಗೆ ತಿಂಗಳಿಗೊಂದು ಕಿಲೋ ಬಂದರೆ, ಕಿತ್ತು ಮತ್ತೆ ಬಿತ್ತುವ ನಡುವಿನ ದಿನಗಳನ್ನು ಸೇರಿಸಿದರೂ ಸುಮಾರು 160 ಚದರ ಅಡಿಯಲ್ಲಿ ಕೆಲಸವಾಗುತ್ತದೆ. ಅರ್ಧ ಗುಂಟೆಯೆಂದರೆ 544 ಚದರ ಅಡಿ, ಅಂದರೆ ಬದನೆ, ಮೆಣಸಿನಕಾಯಿ, ಚವಳಿಕಾಯಿಗಳಿಗೂ ಜಾಗ ಉಳಿಯುತ್ತದೆ. ಪಲ್ಯದ ಮಡಿಗಳನ್ನು ನಾಲ್ಕಾಗಿ ಮಾಡಿ ವಾರಕ್ಕೊಂದರಂತೆ ಬಿತ್ತಬೇಕು. ಒಂದೇ ದಿನ ಎಲ್ಲವನ್ನೂ ಬಿತ್ತಿದರೆ ಒಂದು ವಾರ ಓಣಿಗೆಲ್ಲ ಹಂಚುವಷ್ಟು ಮೆಂತೆ ಬಂದು, ಮುಂದಿನ ಮೂರು ವಾರ ಬರಿಗೈಯಾಗುತ್ತದೆ. ಬೇಸಿಗೆಯಲ್ಲಿ ಮೆಂತೆ, ಕೊತ್ತಂಬರಿಗಳು ಸೊರಗಿ ಬೇಗ ಹೂವಿಗೆ ಬರುವುದರಿಂದ ಆಗ ರಾಜಗಿರಿ ಮತ್ತು ಪುಂಡಿಪಲ್ಯವನ್ನು ನೆಚ್ಚಬೇಕು. ಪುಂಡಿಯ ಕುಡಿ ಚಿವುಟಿದಷ್ಟೂ ಮತ್ತೆ ಚಿಗುರುತ್ತದೆ. ನುಗ್ಗೆಯನ್ನು ಉತ್ತರದ ಅಂಚಿಗೆ ನೆಟ್ಟರೆ ಚಳಿಗಾಲದಲ್ಲಿ ಅದರ ನೆರಳು ಮಡಿಗಳ ಮೇಲೆ ಬೀಳುವುದಿಲ್ಲ. ಹೀರೆಯ ಬಳ್ಳಿಗೆ ಕಂಪೌಂಡ್ ಗೋಡೆಯೇ ಸಾಕು.

ಹೊಸ ಬಡಾವಣೆಗಳಲ್ಲಿ ಮೇಲ್ಮಣ್ಣೆಂದು ಕಾಣುವುದು ಅನೇಕ ಸಲ ಗರಸು ಮತ್ತು ಕಟ್ಟಡದ ಅವಶೇಷವಾಗಿರುತ್ತದೆ. ಒಂದು ಅಡಿಯಾದರೂ ಅಗೆದು ನೋಡದೆ ಬೀಜ ಕೊಳ್ಳಬಾರದು. ಕೆಳಗೆ ಎರಿ ಮಣ್ಣಿದ್ದರೆ ಅದು ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ಮಡಿಗಳನ್ನು ನೆಲಮಟ್ಟಕ್ಕಿಂತ ಎತ್ತರಿಸಬೇಕು. ಧಾರವಾಡದ ಪಶ್ಚಿಮ ಭಾಗದ ಮಸಾರಿ ಮಣ್ಣಿಗೆ ಈ ತೊಡಕು ಕಡಿಮೆ, ಆದರೆ ಅದು ಬೇಗ ಒಣಗುತ್ತದೆ.

ನಿಜವಾದ ಮಿತಿ ಜಾಗವಲ್ಲ, ನೀರು. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಐದು ಲೀಟರಿನಂತೆ ಪಲ್ಯದ ಮಡಿಗಳಿಗೇ ಸುಮಾರು 75 ಲೀಟರ್ ಬೇಕಾಗುತ್ತದೆ, ಮತ್ತು ಅವಳಿ ನಗರದ ಅನೇಕ ಓಣಿಗಳಲ್ಲಿ ನಳದ ನೀರು ಹಲವು ದಿನಗಳಿಗೊಮ್ಮೆ ಬರುತ್ತದೆಂಬುದನ್ನು ಹೇಳಬೇಕಾಗಿಲ್ಲ. 50 ಚದರ ಮೀಟರ್ ಮಾಳಿಗೆಯ ಮೇಲೆ 750 ಮಿಲಿಮೀಟರ್ ಮಳೆ ಬಿದ್ದರೆ 37,500 ಲೀಟರ್ ಆಗುತ್ತದೆ ಎಂಬ ಲೆಕ್ಕ ಕೇಳಲು ಹಿತವಾಗಿದ್ದರೂ, ಅದರಲ್ಲಿ ಬಹುಪಾಲು ಬೀಳುವುದು ಮಡಿಗಳು ಒದ್ದೆಯಾಗಿಯೇ ಇರುವ ತಿಂಗಳುಗಳಲ್ಲಿ. 2,000 ಲೀಟರಿನ ಟಾಕಿ ಏಪ್ರಿಲ್‌ನಲ್ಲಿ ಒಂದು ತಿಂಗಳೂ ಬಾರದು. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರನ್ನು ಹಿಡಿದಿಟ್ಟು, ಬುಡಕ್ಕೆ ಒಣಹುಲ್ಲು ಹಾಸಿ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಎರಡು ಮಡಿಗಳನ್ನು ಖಾಲಿ ಬಿಡುವುದೇ ವಿವೇಕವೆಂದು ನನ್ನ ಅಭಿಪ್ರಾಯ.

ತತ್ತಿ ತಿನ್ನುವ ಮನೆಯವರು ನಾಲ್ಕು ಜವಾರಿ ಕೋಳಿ ಸಾಕಬಹುದು. ಒಂದು ಕೋಳಿ ವರ್ಷಕ್ಕೆ 60ರ ಆಸುಪಾಸಿನಲ್ಲಿ ತತ್ತಿ ಇಟ್ಟರೆ ವಾರಕ್ಕೆ ನಾಲ್ಕೈದು ಸಿಗುತ್ತವೆ. ಹೆಚ್ಚು ಬೇಕೆನ್ನುವವರು ಹಿತ್ತಲಿಗೆಂದೇ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯನ್ನು ನೋಡಬಹುದು. ಅದಕ್ಕೆ ಕಾಳಿನ ಖರ್ಚೂ ಹೆಚ್ಚು. ಯಾವ ತಳಿಯಾದರೂ ಮಡಿಗಳಿಗೆ ಜಾಳಿಗೆಯ ಬೇಲಿ ಹಾಕದಿದ್ದರೆ ಮೊಳಕೆಗಳು ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತವೆ, ಮತ್ತು ಹಸಿ ಹಿಕ್ಕೆಯನ್ನು ನೇರವಾಗಿ ಗಿಡಕ್ಕೆ ಹಾಕಿದರೆ ಬೇರು ಸುಡುವುದರಿಂದ ಅದನ್ನು ಒಣ ಎಲೆಗಳೊಡನೆ ಕೆಲವು ತಿಂಗಳು ಕಳಿಯಲು ಬಿಡಬೇಕು.