ಹನ್ನೊಂದು ಅಂಕ, ಸರಿ, ಯಾವ ಹನ್ನೊಂದು?

ಕುರ್ಚಿಯಲ್ಲಿ ಕೂರುವ ಮೊದಲೇ ಮೊಬೈಲನ್ನು ನನ್ನ ಮುಂದೆ ಹಿಡಿಯುವವರು ಈಚೆಗೆ ಹೆಚ್ಚಾಗಿದ್ದಾರೆ. ‘ಡಾಕ್ಟರೇ, ನನಗೆ 11 ಬಂದಿದೆ. ಮಧ್ಯಮ ಖಿನ್ನತೆ ಅಂತೆ, ಮಾತ್ರೆ ಬರೆದುಕೊಡಿ.’ ಯಾವ ಪ್ರಶ್ನೆಗೆ ಏನೆಂದು ಉತ್ತರಿಸಿದಿರಿ ಎಂದು ಕೇಳಿದರೆ ನೆನಪಿರುವುದಿಲ್ಲ. ಮೊತ್ತ ಮಾತ್ರ ನೆನಪಿರುತ್ತದೆ. ವರ್ಷಗಳಿಂದ ಹೇಳುತ್ತಲೇ ಬಂದಿದ್ದೇನೆ, ಮತ್ತೊಮ್ಮೆ ಹೇಳುತ್ತೇನೆ: ನನಗೆ ಬೇಕಾದದ್ದು ಉತ್ತರಗಳು.

ಇವರು ತುಂಬಿ ತರುವುದು ಹೆಚ್ಚಾಗಿ ಖಿನ್ನತೆಯ ಲಕ್ಷಣಗಳನ್ನು ಕೇಳುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ. 2001ರಿಂದ ಬಳಕೆಯಲ್ಲಿರುವ ಒಳ್ಳೆಯ ಸಾಧನ. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ‘ಇಲ್ಲವೇ ಇಲ್ಲ’ ಎಂದರೆ 0, ‘ಬಹುತೇಕ ಪ್ರತಿದಿನ’ ಎಂದರೆ 3, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಕೂರಿಸಿ ಮಾತನಾಡಿಸಬೇಕು. ಅಷ್ಟೇ ಅದರ ಅರ್ಥ.

ಈಗ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರಿಗೆ ನಿದ್ರೆಯಲ್ಲಿ 3, ಆಯಾಸದಲ್ಲಿ 3, ಹಸಿವಿನಲ್ಲಿ 3, ಏಕಾಗ್ರತೆಯಲ್ಲಿ 2. ಇನ್ನೊಬ್ಬರಿಗೆ ಆಸಕ್ತಿ ಕುಂದಿದ್ದರಲ್ಲಿ 3, ಬೇಸರದಲ್ಲಿ 3, ‘ನಾನು ಯಾವುದಕ್ಕೂ ಪ್ರಯೋಜನವಿಲ್ಲದವನು’ ಎಂಬ ಭಾವನೆಯಲ್ಲಿ 3, ಸತ್ತರೆ ಒಳ್ಳೆಯದು ಎಂಬ ಆಲೋಚನೆಯಲ್ಲಿ 2. ಇಬ್ಬರದೂ 11. ಮೊದಲನೆಯವರಿಗೆ ನಾನು ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಬರೆಯುತ್ತೇನೆ. ರಾತ್ರಿ ಪಾಳಿಯೇ, ಗೊರಕೆಯೇ, ಮನೆಯಲ್ಲಿ ಎಳೆಗೂಸು ಇದೆಯೇ ಎಂದು ವಿಚಾರಿಸುತ್ತೇನೆ. ಎರಡನೆಯವರನ್ನು ಅಂದು ಪೂರ್ತಿ ವಿಚಾರಿಸದೆ ಮನೆಗೆ ಕಳುಹಿಸುವುದಿಲ್ಲ. ಖಿನ್ನತೆ ಎಂದು ನಿರ್ಣಯಿಸಲು ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು, ಅವುಗಳಲ್ಲಿ ಒಂದು ಬೇಸರವೋ ಆಸಕ್ತಿ ಕುಂದುವುದೋ ಆಗಿರಲೇಬೇಕು. ಮೊದಲನೆಯವರಲ್ಲಿ ಆ ಎರಡೂ ಇಲ್ಲ. ಆದರೂ ಅವರಿಗೆ ಖಿನ್ನತೆ ಇಲ್ಲವೆಂದು ಕಾಗದ ನೋಡಿ ಹೇಳಲಾರೆ. ಬೇಸರ ಎಂಬ ಪದವನ್ನು ಜೀವಮಾನದಲ್ಲಿ ತಮಗೆ ಅನ್ವಯಿಸಿಕೊಳ್ಳದೆ ಮೈಕೈ ನೋವು, ಸುಸ್ತು ಎಂದಷ್ಟೇ ಹೇಳುವವರು ಎಷ್ಟೋ ಜನ.

ಲೆಕ್ಕವನ್ನೂ ಸ್ವಲ್ಪ ನೋಡಿ. ಸಾವಿರ ಜನರಲ್ಲಿ ನೂರು ಮಂದಿಗೆ ನಿಜವಾಗಿ ಖಿನ್ನತೆ ಇದೆ ಎಂದುಕೊಳ್ಳೋಣ. ಇರುವವರಲ್ಲಿ ಶೇ 85 ಮಂದಿಯನ್ನು ಹಿಡಿದು, ಇಲ್ಲದವರಲ್ಲಿ ಶೇ 85 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುವ ಪ್ರಶ್ನಾವಳಿಯನ್ನು ಎಲ್ಲರಿಗೂ ಕೊಟ್ಟರೆ, ಕಾಯಿಲೆ ಇರುವ 85 ಮಂದಿಯ ಜೊತೆಗೆ ಇಲ್ಲದ 135 ಮಂದಿಯೂ ಗೆರೆ ದಾಟುತ್ತಾರೆ. ಕಾಯಿಲೆಯಿದ್ದೂ 15 ಮಂದಿ ಗೆರೆಯ ಕೆಳಗೇ ಉಳಿಯುತ್ತಾರೆ. ನನ್ನ ನಿದ್ರೆ ಕೆಡಿಸುವವರು ಆ ಹದಿನೈದು ಮಂದಿ.

ಅಂಥವರೊಬ್ಬರು ಬಂದಿದ್ದರು, ನಿವೃತ್ತ ಶಿಕ್ಷಕಿ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಬೇರೆಡೆ ತುಂಬಿಸಿದ್ದ ಹಾಳೆಯಲ್ಲಿ ಮೊತ್ತ 6, ಪಕ್ಕದಲ್ಲಿ ‘ಅಲ್ಪ’ ಎಂದು ಬರೆದಿತ್ತು. ಮಗಳಿಗೆ ಸಮಾಧಾನವಾಗಿತ್ತು. ನಾನು ಸಾಲುಗಳನ್ನು ನೋಡಿದೆ: ನಾಲ್ಕು ಕಡೆ 1, ಸಾವಿನ ಆಲೋಚನೆಯ ಬಗ್ಗೆ ಕೇಳುವ ಒಂಬತ್ತನೆಯ ಸಾಲಿನಲ್ಲಿ 2. ವಿಚಾರಿಸಿದಾಗ ತಿಳಿಯಿತು, ಪ್ರಶ್ನೆಗಳನ್ನು ಓದಿ ಹೇಳಿ ಉತ್ತರ ಬರೆದುಕೊಂಡವಳು ಮಗಳೇ. ಕೊನೆಯ ಪ್ರಶ್ನೆಯ ಹೊತ್ತಿಗೆ ಅವಳು ಫೋನ್ ಬಂತೆಂದು ಹೊರಗೆ ಹೋಗಿದ್ದಳು. ಆ ಒಂದು ಸಾಲನ್ನು ಮಾತ್ರ ತಾಯಿ ತಾವೇ ತುಂಬಿದ್ದರು. ನನ್ನ ಕೊಠಡಿಯಲ್ಲಿ ಒಬ್ಬರೇ ಕುಳಿತು ಮತ್ತೆ ತುಂಬಿದಾಗ 16 ಬಂತು. ವಾರದಲ್ಲಿ ಕಾಯಿಲೆ ಇಷ್ಟು ಉಲ್ಬಣಿಸಿತೇ ಎಂದು ಮಗಳು ಅಳತೊಡಗಿದಳು. ಉಲ್ಬಣಿಸಿಲ್ಲಮ್ಮ, ನಿಮ್ಮ ಎದುರು ಹೇಳಲಾಗದ್ದನ್ನು ಈಗ ಹೇಳಿದ್ದಾರೆ ಎಂದೆ. ತಾಯಿಯನ್ನು ನೋಯಿಸಬಾರದೆಂದೇ ಜೊತೆಗೆ ಕುಳಿತಿದ್ದ ಹುಡುಗಿ ಅವಳು. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಸಾಲುಗಳನ್ನು ಓದದೆ ಮೊತ್ತ ಬರೆದು ಕಳುಹಿಸಿದವರ ಮೇಲೆ ಬಂತು. ಸಾವಿನ ಮಾತು ತೆಗೆದರೆ ಆ ಯೋಚನೆ ಹುಟ್ಟಿಕೊಂಡೀತು ಎಂಬ ಹೆದರಿಕೆಗೆ ಆಧಾರವಿಲ್ಲ. ಕೇಳಿದರೆ ಬಹಳ ಜನಕ್ಕೆ ಎದೆಯ ಭಾರ ಇಳಿಯುತ್ತದೆ.

ಮೊತ್ತಕ್ಕೂ ಒಂದು ಕೆಲಸವಿದೆ. ಚಿಕಿತ್ಸೆ ಶುರುವಾದ ಮೇಲೆ ಅದೇ ಹಾಳೆಯನ್ನು ಕೆಲವು ವಾರಗಳಿಗೊಮ್ಮೆ ತುಂಬಿಸುತ್ತೇನೆ. 5 ಅಂಕ ಇಳಿದರೆ ಅದನ್ನು ಗಣನೀಯವೆಂದು ನೋಡುತ್ತೇವೆ. ಮನೋವೈದ್ಯ ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಪ್ರಕಟಿಸಿದ ಖಿನ್ನತೆಯ ಮಾಪಕವೂ ಆಗಲೇ ಖಿನ್ನತೆಯೆಂದು ಗುರುತಿಸಲಾದವರಲ್ಲಿ ತೀವ್ರತೆಯನ್ನು ಅಳೆಯಲು ರೂಪಿಸಿದ್ದು, ಕಾಯಿಲೆ ಪತ್ತೆ ಮಾಡಲಲ್ಲ. ಇನ್ನೂ ಒಂದು ಮಾತು: ನಿದ್ರೆಯೇ ಬೇಡವೆನಿಸಿ ಅತಿ ಹುರುಪಿನಲ್ಲಿ ಓಡಾಡಿದ ದಿನಗಳು ಹಿಂದೆ ಇದ್ದವೇ ಎಂದು ಈ ಒಂಬತ್ತು ಪ್ರಶ್ನೆಗಳು ಕೇಳುವುದೇ ಇಲ್ಲ. ಇದ್ದಿದ್ದರೆ ಅದು ಖಿನ್ನತೆಯೂ ಅತಿ ಹುರುಪೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಇರಬಹುದು, ಚಿಕಿತ್ಸೆಯ ದಾರಿಯೇ ಬೇರೆ. ಮೊಬೈಲ್ ನೋಡಿ ಮಾತ್ರೆ ಬರೆಯಲು ನಾನು ಒಪ್ಪದಿರುವುದಕ್ಕೆ ಇದೂ ಕಾರಣ.

ಹಾಳೆಯನ್ನು ಒಬ್ಬರೇ ಕುಳಿತು ತುಂಬಿ, ಇಡೀ ಹಾಳೆಯನ್ನೇ ತನ್ನಿ. ಒಂಬತ್ತನೆಯ ಸಾಲಿನಲ್ಲಿ ಸೊನ್ನೆಯಲ್ಲದೆ ಬೇರೇನೇ ಇದ್ದರೂ, ಮೊತ್ತ ಎಷ್ಟೇ ಕಡಿಮೆ ಇರಲಿ, ಸರದಿಯ ದಿನಕ್ಕೆ ಕಾಯದೆ ಅಂದೇ ಹತ್ತಿರದ ವೈದ್ಯರನ್ನು ಕಾಣಿ. ಹೋಗುವಾಗ ನಂಬುವವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ.